ಸವೆಯದ ಬೇರಿಂಗ್

ಅಮೆರಿಕದ ಪೆನ್ಸಿಲ್ವೇನಿಯಾದ ಸಸ್ಕ್ವಹಾನಾ ನದಿಯ ಮೇಲೆ ಹೋಲ್ಟ್‌ವುಡ್ ಜಲವಿದ್ಯುತ್ ಕೇಂದ್ರವಿದೆ. 1912ರಲ್ಲಿ ಅಲ್ಲಿ ಕೂರಿಸಿದ ಬೇರಿಂಗೊಂದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ತಿರುಗುವ ಟರ್ಬೈನು, ಜನರೇಟರು, ಮೇಲಿಂದ ಒತ್ತುವ ನೀರು ಎಲ್ಲ ಸೇರಿ ಸುಮಾರು 200 ಟನ್ ಭಾರ. ಆ ಬೇರಿಂಗಿನಲ್ಲಿ ಅಷ್ಟನ್ನೂ ಹೊರುವುದು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರ!

ಅದನ್ನು ರೂಪಿಸಿದ ಎಂಜಿನಿಯರ್ ಆಲ್ಬರ್ಟ್ ಕಿಂಗ್ಸ್‌ಬರಿ ಮಾಡಿದ್ದಿಷ್ಟೆ: ಭಾರ ಹೊರುವ ಲೋಹದ ಬಳೆಯನ್ನು ಇಡಿಯಾಗಿ ಬಿಡದೆ ಬಿಡಿ ಪ್ಯಾಡುಗಳಾಗಿಸಿ, ಒಂದೊಂದೂ ತುಸು ವಾಲುವಂತೆ ಕೂರಿಸಿದರು. ಮೇಲಿನ ತಟ್ಟೆ ತಿರುಗಿದಾಗ ಅದಕ್ಕಂಟಿದ ಎಣ್ಣೆ ಓರೆಯಾದ ಸಂದಿಯೊಳಕ್ಕೆ ನುಗ್ಗುತ್ತದೆ. ಸಂದಿ ಕಿರಿದಾದಂತೆ ಎಣ್ಣೆಯ ಒತ್ತಡ ಏರಿ, ತಟ್ಟೆಯನ್ನೇ ಎತ್ತಿ ಹಿಡಿಯುತ್ತದೆ. ವೇಗದಲ್ಲಿ ತಿರುಗುವಾಗ ಲೋಹಕ್ಕೆ ಲೋಹ ತಾಗುವುದೇ ಇಲ್ಲ. ಸವೆತವೇನಿದ್ದರೂ ಯಂತ್ರ ಹೊರಡುವಾಗ, ನಿಲ್ಲುವಾಗ. ಇದರ ಗಣಿತವನ್ನು ಆಸ್ಬೋರ್ನ್ ರೆನಾಲ್ಡ್ಸ್ 1886ರಲ್ಲೇ ಕೊಟ್ಟಿದ್ದರು. ಆಸ್ಟ್ರೇಲಿಯಾದ ಮಿಚೆಲ್ ಕೂಡ ತಮ್ಮಷ್ಟಕ್ಕೆ ತಾವೇ ಇದೇ ಉಪಾಯವನ್ನು ಕಂಡುಕೊಂಡಿದ್ದರು. ಅವರಿಗೂ ಅವರ ಪಾಲಿನ ಗೌರವ ಸಲ್ಲಬೇಕು.

ಎಣ್ಣೆ ಶುಚಿಯಾಗಿರಬೇಕು, ಅಷ್ಟೇ ಇಂಥ ಬೇರಿಂಗಿನ ಬೇಡಿಕೆ. ಒಂದು ಭಾಗವನ್ನೂ ಬದಲಿಸದೆ 2000ನೇ ಇಸವಿಯಲ್ಲೂ ಹೋಲ್ಟ್‌ವುಡ್‌ನ ಆ ಬೇರಿಂಗ್ ಕೆಲಸದಲ್ಲಿತ್ತು. ಇನ್ನು ಮುಂದೆ ಜಲವಿದ್ಯುತ್ ಕೇಂದ್ರ ನೋಡಲು ಹೋದರೆ ಟರ್ಬೈನಿನ ಗಾತ್ರವನ್ನಷ್ಟೇ ಕೇಳಿ ಹಿಂತಿರುಗಬೇಡಿ. ಅದರ ಭಾರ ಯಾವುದರ ಮೇಲೆ ಕೂತಿದೆ ಎಂದೂ ಕೇಳಿ.