ನೆಲನೆಲ್ಲಿ ಮತ್ತು ಕಾಮಣಿ: ಒಂದು ವಿಮರ್ಶೆ

ಮುಂಗಾರು ಹಿಡಿದ ಮೇಲೆ ಬಸವಕಲ್ಯಾಣ, ಹುಮನಾಬಾದ ಸೀಮೆಯ ತೊಗರಿ ಹೊಲಗಳಲ್ಲಿಯೂ ಬದುಗಳಲ್ಲಿಯೂ ನೆಲನೆಲ್ಲಿಯು ತಾನಾಗಿ ಹುಟ್ಟುತ್ತದೆ. ಮರಾಠಿಯಲ್ಲಿ ಇದು ಭುಯಿಆವಳಾ, ಸಂಸ್ಕೃತದಲ್ಲಿ ಭೂಮ್ಯಾಮಲಕೀ. ಕಾಮಣಿಯಾದವರಿಗೆ ಇದನ್ನು ಅರೆದು ಹಾಲಿನಲ್ಲಿಯೋ ಮಜ್ಜಿಗೆಯಲ್ಲಿಯೋ ಕೊಡುವ ವಾಡಿಕೆ ಕನ್ನಡನಾಡಿನ ಉದ್ದಗಲಕ್ಕೂ ಉಂಟು. ಕನ್ನಡದಲ್ಲಿ ‘ಗೋವೈದ್ಯ’ವನ್ನು ರಚಿಸಿದ ಕೀರ್ತಿವರ್ಮನು ಕಲ್ಯಾಣದ ಚಾಲುಕ್ಯರ ಮನೆತನದವನೇ ಆದುದರಿಂದ, ಮನೆಮದ್ದಿನ ಬಗ್ಗೆ ಈ ಸೀಮೆಯವರಿಗಿರುವ ಅಭಿಮಾನ ಸಹಜವಾದುದು. ಆದರೆ ಆ ಅಭಿಮಾನವು ಪ್ರಮಾಣದ ಸ್ಥಾನದಲ್ಲಿ ನಿಲ್ಲಲಾರದು.

ನೆಲನೆಲ್ಲಿಗೆ ವಿಜ್ಞಾನದ ಮುದ್ರೆ ಬಿದ್ದಿತೆನ್ನುವವರು ಮುಖ್ಯವಾಗಿ ಉದಾಹರಿಸುವುದು ಮದರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು ೧೯೮೮ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವನ್ನು. ಹೆಪಟೈಟಿಸ್-ಬಿ ವೈರಸ್ಸಿನ ಶೋಧಕರೆಂದು ಖ್ಯಾತರಾದ, ೧೯೭೬ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಬ್ಲೂಂಬರ್ಗರೂ ಅದರ ಲೇಖಕರಲ್ಲಿ ಒಬ್ಬರು. ಮೂವತ್ತು ದಿನ ಮೂಲಿಕೆಯನ್ನು ಸೇವಿಸಿದ ೩೭ ಮಂದಿ ವಾಹಕರಲ್ಲಿ ೨೨ ಮಂದಿಯ ರಕ್ತದಿಂದ ವೈರಸ್ಸಿನ ಹೊರಮೈ ಪ್ರತಿಜನಕವು ಮಾಯವಾಯಿತು. ಹುಸಿಮದ್ದು ಪಡೆದ ೨೩ ಮಂದಿಯಲ್ಲಿ ಒಬ್ಬರಲ್ಲಿ ಮಾತ್ರ. ಅಂಕಿಗಳು ಬೆರಗುಗೊಳಿಸುವಂಥವು. ಆದರೆ ಲೇಖಕರೇ ಇದನ್ನು ಪ್ರಾಥಮಿಕ ಅಧ್ಯಯನವೆಂದು ಕರೆದಿದ್ದರು. ಉದಾಹರಿಸುವವರು ಆ ವಿಶೇಷಣವನ್ನು ಸದ್ದಿಲ್ಲದೆ ಕೈಬಿಟ್ಟಿದ್ದಾರೆ. ಥೈಲ್ಯಾಂಡಿನಲ್ಲಿ ಈ ಮೂಲಿಕೆಯನ್ನು ಪರೀಕ್ಷಿಸಿ ೧೯೯೦ರಲ್ಲಿ ವರದಿ ಮಾಡಿದವರಿಗೆ ಅಂಥ ಫಲ ದೊರೆಯಲಿಲ್ಲ.

ಪರೀಕ್ಷೆಗೆ ಒಳಗಾದ ಗಿಡ ಯಾವುದು? ನಮ್ಮ ಸಸ್ಯಗ್ರಂಥಗಳು ಬಹುಕಾಲ ನೆಲನೆಲ್ಲಿಯನ್ನು ಫಿಲಾಂಥಸ್ ನಿರೂರಿ ಎಂದು ಹೆಸರಿಸುತ್ತ ಬಂದವು. ನಿಜವಾದ ನಿರೂರಿಯು ಅಮೆರಿಕ ಖಂಡದ ಸಸ್ಯ. ಆ ಹೆಸರಿನಡಿ ಭಾರತದಲ್ಲಿ ಅಮಾರಸ್, ಫ್ರಾಟರ್ನಸ್, ಡೆಬಿಲಿಸ್ ಎಂಬ ಮೂರು ಪ್ರಭೇದಗಳು ಬೆರೆತಿರುವುದನ್ನು ಮಿತ್ರ ಮತ್ತು ಜೈನ್ ೧೯೮೫ರಲ್ಲಿ ತೋರಿಸಿಕೊಟ್ಟರು. ಅಮಾರಸ್ಸಿನ ಹೂವಿಗೆ ಐದು ಪುಷ್ಪಪತ್ರಗಳು, ಉಳಿದೆರಡಕ್ಕೆ ಆರು. ಮಸೂರವಿದ್ದರೆ ವಿದ್ಯಾರ್ಥಿಯೂ ಎಣಿಸಬಹುದು. ಸಂತೆಯಲ್ಲಿ ಒಣಗಿಸಿ ಕಟ್ಟಿಟ್ಟ ಸೊಪ್ಪಿನಲ್ಲಿ ಎಣಿಸುವವರಾರು?

ರೋಗದ ಹೆಸರಿನಲ್ಲಿಯೂ ಇದೇ ಗೊಂದಲವಿದೆ. ಕಾಮಣಿಯೆಂಬುದು ಲಕ್ಷಣವೇ ಹೊರತು ಒಂದೇ ವ್ಯಾಧಿಯಲ್ಲ. ಕೆಟ್ಟ ನೀರಿನಿಂದ ಹರಡುವ ಹೆಪಟೈಟಿಸ್-ಎ ಬಹುತೇಕ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆಗ ಕೀರ್ತಿಯು ಕೊನೆಯಲ್ಲಿ ಕುಡಿದ ಮದ್ದಿಗೆ ಸಲ್ಲುತ್ತದೆ. ಹೆಪಟೈಟಿಸ್-ಬಿ ವಾಹಕನ ಕಣ್ಣು ಹಳದಿಯಾಗಿರಬೇಕೆಂದೇ ಇಲ್ಲ. ವರ್ಷಗಟ್ಟಲೆ ಆರೋಗ್ಯವಂತನಂತೆ ಓಡಾಡಿದವನಿಗೆ ಮುಂದೆ ಯಕೃತ್ತು ಗಡುಸಾಗಬಹುದು, ಅರ್ಬುದವೂ ಬರಬಹುದು. ಮೊದಲನೆಯವನ ಅನುಭವವನ್ನು ನಂಬಿ ಎರಡನೆಯವನು ಆಸ್ಪತ್ರೆಯನ್ನು ತೊರೆದರೆ ಆಗುವ ಹಾನಿ ಅಲ್ಪವಲ್ಲ.

ಚೀನಾದ ಉದಾಹರಣೆಯನ್ನೂ ಎಚ್ಚರಿಕೆಯಿಂದ ಬಳಸಬೇಕು. ಅಲ್ಲಿಯ ವೈದ್ಯರು ಇದೇ ಕುಲದ ಯೂರಿನೇರಿಯಾ ಎಂಬ ಪ್ರಭೇದವನ್ನು ಉಪಯೋಗಿಸುತ್ತಾರೆ. ಶಿಸಾಂಡ್ರ ಹಣ್ಣಿನ ಸಂಯುಕ್ತವೊಂದರ ಮಾದರಿಯಲ್ಲಿ ಅಲ್ಲಿ ತಯಾರಾದ ಬೈಫೆಂಡೇಟ್ ಯಕೃತ್ತಿನ ಕಿಣ್ವದ ಏರಿಕೆಯನ್ನು ತಗ್ಗಿಸುತ್ತದೆ. ವೈರಸ್ಸನ್ನು ನಿರ್ಮೂಲ ಮಾಡುವುದಿಲ್ಲ. ಫಿಲಾಂಥಸ್ ಕುಲದ ಮೇಲಿನ ೧೬ ಪ್ರಯೋಗಗಳನ್ನು ೨೦೧೧ರಲ್ಲಿ ಒಟ್ಟಾಗಿ ಪರಿಶೀಲಿಸಿದ ಕಾಕ್ರೇನ್ ಸಮೀಕ್ಷೆಗೆ, ಹುಸಿಮದ್ದಿನೊಡನೆ ಹೋಲಿಸಿದ ಪ್ರಯೋಗ ಸಿಕ್ಕಿದ್ದು ಒಂದೇ. ಅದರಲ್ಲಿದ್ದವರು ೪೨ ಮಂದಿ. ಉಳಿದವುಗಳಲ್ಲಿ ಮೂಲಿಕೆಯೊಡನೆ ಬೇರೆ ಚಿಕಿತ್ಸೆಯೂ ಸೇರಿತ್ತು, ಪ್ರಯೋಗಕ್ರಮವೂ ದುರ್ಬಲವಾಗಿತ್ತು. ಇದರಿಂದ ನೆಲನೆಲ್ಲಿ ನಿಷ್ಪ್ರಯೋಜಕವೆಂದು ಸಿದ್ಧವಾಗದು. ಪ್ರಶ್ನೆಯನ್ನೇ ಇನ್ನೂ ಸರಿಯಾಗಿ ಕೇಳಿಲ್ಲವೆಂದಷ್ಟೇ ಹೇಳಬಹುದು. ಹೆಪಟೈಟಿಸ್-ಬಿಗೆ ಪರೀಕ್ಷಿತವಾದ ಲಸಿಕೆಯಿದೆ; ಹುಟ್ಟಿದ ೨೪ ಗಂಟೆಗಳೊಳಗೆ ಶಿಶುವಿಗೆ ಅದನ್ನು ಹಾಕಿಸಬೇಕು. ಟೆನೊಫೊವಿರ್, ಎಂಟೆಕಾವಿರ್‌ನಂಥ ಔಷಧಿಗಳು ವೈರಸ್ಸನ್ನು ಹತೋಟಿಯಲ್ಲಿಡುತ್ತವೆ.

ಈ ಸೀಮೆಯ ಮೂಲಿಕೆಗಳ ಮೇಲೆ ಪ್ರಬಂಧ ಬರೆಯಹೊರಟ ವಿದ್ಯಾರ್ಥಿಯು ಹೂಬಿಟ್ಟ ಗಿಡವನ್ನು ಬೇರುಸಹಿತ ಒತ್ತಿ, ಒಣಗಿಸಿ, ಊರು, ದಿನಾಂಕಗಳನ್ನು ಬರೆದು ಸಸ್ಯಸಂಗ್ರಹಕ್ಕೆ ಒಪ್ಪಿಸಲಿ. ರೋಗಿಗೆ ಇದ್ದ ವೈರಸ್ ಯಾವುದೆಂಬುದನ್ನು ರಕ್ತಪರೀಕ್ಷೆಯ ಆಧಾರದಿಂದ ನಮೂದಿಸಲಿ. ಇವೆರಡೂ ಇಲ್ಲದ ಪ್ರಬಂಧವನ್ನು ಅಧ್ಯಾಪಕರು ಹಿಂದಿರುಗಿಸುವುದೇ ಲೇಸು.