ತಿಂಗಳು ಬರೆಯದ ರೂಟ್

ಗೋಕಾಕ ಜಲಪಾತದ ಬಗ್ಗೆ ಬೈಕ್ ಸವಾರರು ಬರೆಯುವ ರಿವ್ಯೂಗಳನ್ನು ಒಟ್ಟಿಗೆ ಓದಿದರೆ ಎರಡು ಬೇರೆ ಬೇರೆ ಊರುಗಳ ಸುದ್ದಿ ಓದಿದ ಹಾಗಾಗುತ್ತದೆ. ಒಬ್ಬರಿಗೆ ಅದು ನಮ್ಮ ನಯಾಗರ, ಐದು ಸ್ಟಾರ್. ಇನ್ನೊಬ್ಬರಿಗೆ ಬರೀ ಬಂಡೆ, ಪೆಟ್ರೋಲ್ ದಂಡ, ಒಂದು ಸ್ಟಾರ್. ಇಬ್ಬರೂ ಸುಳ್ಳು ಹೇಳಿಲ್ಲ. ಒಬ್ಬರು ಹೋದದ್ದು ಆಗಸ್ಟ್‌ನಲ್ಲಿ, ಇನ್ನೊಬ್ಬರು ಏಪ್ರಿಲ್‌ನಲ್ಲಿ. ಜಲಪಾತದ ಮೇಲ್ಗಡೆ ಧೂಪದಾಳದಲ್ಲಿ ಬ್ರಿಟಿಷರ ಕಾಲದ ಒಡ್ಡು ನೀರನ್ನು ಕಾಲುವೆಗೆ ತಿರುಗಿಸುತ್ತದೆ. ಬೇಸಿಗೆಯಲ್ಲಿ ಆ 52 ಮೀಟರ್ ಬಂಡೆಯಿಂದ ಧುಮುಕಲು ನೀರು ಉಳಿಯುವುದಿಲ್ಲ. ಎರಡನ್ನೂ ಕೂಡಿಸಿ ತೆಗೆದ ಮೂರು ಸ್ಟಾರಿನ ಸರಾಸರಿ ಮಾತ್ರ ಯಾವ ತಿಂಗಳಿಗೂ ನಿಜವಲ್ಲ.

ಜಲಪಾತದ ವಿಷಯದಲ್ಲಿ ಹಾಳಾಗುವುದು ಒಂದು ಭಾನುವಾರ. ರೂಟ್ ಹಾಗಲ್ಲ. ಮೂಡಲಗಿ ಕಡೆ ಘಟಪ್ರಭೆ ದಾಟುವ ಹಲವು ಸೇತುವೆಗಳು ತೀರ ತಗ್ಗಿನವು: ಉದಗಟ್ಟಿ–ವಡೇರಹಟ್ಟಿ, ಸುಣಧೋಳಿ, ಅವರಾದಿ. “ಒಳ್ಳೆ ಶಾರ್ಟ್‌ಕಟ್, ಟ್ರಾಫಿಕ್ಕೇ ಇಲ್ಲ” ಎಂದು ಜನವರಿಯಲ್ಲಿ ಹಂಚಿದ ದಾರಿ ಜುಲೈಯಲ್ಲಿ ನೀರಿನಡಿ ಇದ್ದೀತು. ಆಕಾಶ ನೋಡಿ ಹೊರಟರೂ ಮೋಸ ಹೋಗುತ್ತೀರಿ. ಮೂಡಲಗಿಯಲ್ಲಿ ಬಿಸಿಲು ಕಾಯುತ್ತಿರುತ್ತದೆ, ಮಳೆ ಸುರಿದಿರುವುದು ಅಂಬೋಲಿಯ ಘಟ್ಟದಲ್ಲಿ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ 51 ಟಿಎಂಸಿಯ ಹತ್ತಿರ ಬಂದರೆ ಗೇಟು ಎತ್ತುತ್ತಾರೆ. ಸಂಕೇಶ್ವರದ ಮೇಲೆ ಬರುವ ಹಿರಣ್ಯಕೇಶಿ ಅಣೆಕಟ್ಟೆಯ ಕೆಳಗೆ ಬಂದು ಕೂಡುವುದರಿಂದ ಅದನ್ನು ತಡೆಯುವ ಗೇಟೇ ಇಲ್ಲ. ಮುಂದೆ ಮಾರ್ಕಂಡೇಯವೂ ಸೇರುತ್ತದೆ. 2019ರ ಆಗಸ್ಟ್‌ನಲ್ಲಿ ಲೋಳಸೂರ ಸೇತುವೆಯೇ ಮುಳುಗಿ ಗೋಕಾಕ ಪೇಟೆಯೊಳಗೆ ನೀರು ನುಗ್ಗಿತ್ತು. ಇಲ್ಲಿಯ ರೂಟ್ ಬರೆಯುವವರು “ರೋಡ್ ಸೂಪರ್” ಅನ್ನುವುದು ಬಿಟ್ಟು, ತಾವು ದಾಟಿದ ದಿನ ಲೋಳಸೂರದಲ್ಲಿ ಹೊಳೆ ಎಷ್ಟಿತ್ತು ಎಂದು ಒಂದು ಸಾಲು ಸೇರಿಸಿದ್ದರೆ ಉಪಕಾರವಾಗುತ್ತಿತ್ತು. ಹೆಲ್ಮೆಟ್ ಹಿಡಿದು ನಿಂತ ಫೋಟೊ ಆ ಕೆಲಸ ಮಾಡುವುದಿಲ್ಲ.

ಕಬ್ಬಿನ ಹಂಗಾಮಿನ ಮಾತಂತೂ ಯಾರೂ ಎತ್ತುವುದಿಲ್ಲ. ರಾತ್ರಿ ಎರಡು ಟ್ರೇಲರ್ ಎಳೆದುಕೊಂಡು ಹೊರಟ ಟ್ರ್ಯಾಕ್ಟರಿಗೆ ಹಿಂದೆ ದೀಪವಿರುವುದಿಲ್ಲ, ಹೊಲದಿಂದ ಗಾಲಿಗೆ ಮೆತ್ತಿ ಬಂದ ಎರೆಮಣ್ಣು ಡಾಂಬರಿನ ಮೇಲೆ ಉದುರಿರುತ್ತದೆ. ನಾಲ್ಕು ಹನಿ ಬಿದ್ದರೆ ಮುಂದಿನ ಚಕ್ರ ಹಿಡಿತ ಬಿಟ್ಟಿತೆಂದೇ ಲೆಕ್ಕ.

ಹಳೆಯ ರೂಟುಗಳನ್ನೆಲ್ಲ ಅಳಿಸಿಬಿಡಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜನವರಿಯ ರೂಟ್ ಮುಂದಿನ ಜನವರಿಗೂ ಬೇಕು, ತಿಂಗಳು ಕಣ್ಣಿಗೆ ಹೊಡೆಯುವಂತೆ ಇದ್ದರಾಯಿತು. ಸೇತುವೆಯೇ ಕೊಚ್ಚಿಹೋಗಿದ್ದರೆ ಮಾತು ಬೇರೆ. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ಒಂದು ಕಾರು ಅರ್ಧ ಸೇತುವೆಯಿಂದ ಕೆಳಗೆ ಬಿದ್ದು ಮೂವರು ಸತ್ತರು. ಫೋನಿನ ಮ್ಯಾಪ್ ನಂಬಿ ಹೋಗಿದ್ದರೆಂದು ವರದಿಯಾಗಿತ್ತು.

ಯಾರ ಮಾತು ನಂಬಬೇಕು ಅನ್ನುವಲ್ಲೂ ಸವಾರರ ಬಳಗ ಎಡವುತ್ತದೆ. ಲಡಾಖ್ ನೋಡಿ ಬಂದವನ ಒಂದು ಮಾತಿಗೆ ಹತ್ತು ಜನ ತಲೆಯಾಡಿಸುತ್ತಾರೆ. ದಿನಾ ಬೆಳಿಗ್ಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ವಡೇರಹಟ್ಟಿಯ ಸೇತುವೆ ದಾಟುವವನನ್ನು ಯಾರೂ ಕೇಳುವುದಿಲ್ಲ, ಅವನು ಇಂಗ್ಲಿಷಿನಲ್ಲಿ ರಿವ್ಯೂ ಬರೆಯುವವನೂ ಅಲ್ಲ. ಮಳೆಗಾಲದಲ್ಲಿ ಅವನು ಹೂಂ ಅನ್ನುವವರೆಗೆ ಆ ದಾರಿಯನ್ನು ಯಾರಿಗೂ ಹೇಳಬಾರದು. ಕರದಂಟಿನ ಅಂಗಡಿಗೆ ಬೇಕಾದರೆ ಯಾರಾದರೂ ಎಷ್ಟಾದರೂ ಸ್ಟಾರ್ ಕೊಟ್ಟುಕೊಳ್ಳಲಿ.