ಬಾಗಿಲಿಗೆ ಅಡ್ಡ ನಿಂತವರು

1963ರ ಜೂನ್ 11ರಂದು ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ಬಾಗಿಲಿಗೆ ಗವರ್ನರ್ ವ್ಯಾಲೇಸ್ ಅಡ್ಡ ನಿಂತ. ಅವನು ಕಣ್ಣಿಗೆ ಕಾಣುತ್ತಿದ್ದ; ವಿವಿಯನ್ ಮಲೋನ್, ಜೇಮ್ಸ್ ಹುಡ್ ಅವತ್ತೇ ಒಳಗೆ ಹೋದರು. 2013ರಲ್ಲಿ ಅಲ್ಲಿನ ವಿದ್ಯಾರ್ಥಿ ಪತ್ರಿಕೆ ‘ಕ್ರಿಮ್ಸನ್ ವೈಟ್’ ಬರೆದ ವರದಿಯಲ್ಲಿ ಅಡ್ಡ ನಿಂತವರು ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಸೊರೋರಿಟಿ ಅನ್ನುವ ವಿದ್ಯಾರ್ಥಿನಿಯರ 16 ಸಂಘಗಳಲ್ಲಿ ಒಂದೂ ಒಳ್ಳೆ ಅಂಕದ ಕಪ್ಪು ಹುಡುಗಿಯನ್ನು ಸೇರಿಸಿಕೊಳ್ಳಲಿಲ್ಲ. ಹಳೆಯ ಸದಸ್ಯೆಯರು ತಡೆದರು ಅಂತ ಒಳಗಿನ ಹುಡುಗಿಯರೇ ಬಾಯಿಬಿಟ್ಟರು. ವರದಿಯ ಗಟ್ಟಿತನ ಅದು. ಆದರೆ ತಪ್ಪೆಲ್ಲ ಹಳಬರದೇ ಅಂದುಬಿಟ್ಟರೆ ನಾವು ಒಪ್ಪೆವು. ಸೇರಲು ಹಳೆಯ ಸದಸ್ಯೆಯರ ಶಿಫಾರಸು ಪತ್ರ ಬೇಕಿತ್ತು. ತಲೆತಲಾಂತರ ಬಿಳಿಯರೇ ತುಂಬಿದ್ದ ಮನೆಗೆ ಕಪ್ಪು ಹುಡುಗಿಯ ಯಾವ ಅಜ್ಜಿ ಪತ್ರ ಬರೆದಾಳು? ಈ ಕಾಗದದ ಮಡಿ ನಮಗೇನು ಹೊಸದಲ್ಲ ಬಿಡಿ. ವರದಿ ಬಂದ ಕೆಲವೇ ದಿನಗಳಲ್ಲಿ ಆಯ್ಕೆ ಮತ್ತೆ ತೆರೆಯಿತು, ಕಪ್ಪು ಹುಡುಗಿಯರಿಗೂ ಕರೆ ಹೋಯಿತು. ಹಾಗಾದರೆ ಅದುವರೆಗೆ ಚಿಲಕ ಯಾರ ಕೈಯಲ್ಲಿತ್ತು?